ಕೋಟೆಯ ಗಿಡ್ಡ ಬಾಗಿಲು

ಹಣೆ ಕಲ್ಲಿಗೆ ಬಡಿದ ಸದ್ದು ಹಾಳುಬಿದ್ದ ಗಡಿಕೋಟೆಯ ಕತ್ತಲ ಓಣಿಯಲ್ಲೆಲ್ಲ ಕೇಳಿಸಿತು. ಹೆಂಡತಿ ತಲೆ ಹಿಡಿದುಕೊಂಡು ಅಲ್ಲೇ ಕುಳಿತಳು. ಬಾಗಿಲು ದಾಟಿ ಮುಂದೆ ಹೋಗಿದ್ದ ಗಂಡ ತಿರುಗಿ ಓಡಿ ಬಂದ.

"ವೈರಿ ಬಗ್ಗಿಯೇ ಒಳಗೆ ಬರಲಿ ಅಂತ ಬಾಗಿಲು ಗಿಡ್ಡ ಮಾಡಿದ್ದಾರಮ್ಮ," ಎಂದ ಕಾವಲುಗಾರ. "ಮೊದಲ ಸಲ ಬಂದೋರು ಯಾರೂ ತಪ್ಪಿಸಿಕೊಂಡಿಲ್ಲ. ಎರಡನೇ ಸಲಕ್ಕೆ ಕತ್ತು ತಾನಾಗೇ ಬಗ್ಗುತ್ತೆ."

ಅವಳು ಗಂಡನ ಹಣೆ ನೋಡಿದಳು. ಅವಳಿಗಿಂತ ಗೇಣುದ್ದ ಎತ್ತರದ ಆಸಾಮಿ, ಒಂದು ಗೀರೂ ಇಲ್ಲ. ಬಸ್ಸಿನಲ್ಲಿ ಮಾತ್ರ, "ಈ ಕೋಟೆ ನಾನೂ ನೋಡಿಲ್ಲ ಕಣೆ, ನಿನ್ನ ಜೊತೆಗೇ ನೋಡೋಣ ಅಂತಿದ್ದೆ" ಎಂದಿದ್ದ.

ಅವನು ಕರವಸ್ತ್ರ ಉಂಡೆ ಮಾಡಿ, ಬಾಯಿಂದ ಊದಿ ಬಿಸಿ ಮಾಡಿ, ಅವಳ ಹಣೆಯ ಬುಗುಟಿಗೆ ಮೆಲ್ಲಗೆ ಒತ್ತಿದ.

"ಮೊದಲ ಸಲ ಜೊತೆಗೆ ಬಂದಿದ್ದಳಲ್ಲ, ಅವಳಿಗೂ ಹೀಗೇ ಊದಿ ಇಟ್ಟಿದ್ರಾ?"

ಮತ್ತೆ ಊದಲು ಬಾಯಿಗೆ ಹೋಗುತ್ತಿದ್ದ ಕರವಸ್ತ್ರ ಅರ್ಧದಲ್ಲೇ ನಿಂತಿತು.