ಸೋರಿಕೆ ಪರೀಕ್ಷೆ

ರಾತ್ರಿಯೂಟದ ತಟ್ಟೆಗಳು ಅಡುಗೆಮನೆಗೆ ಮರಳಿದ ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಮೊದಲು ಬೆರಳ ಗೆಣ್ಣಿನಿಂದ, ಆಮೇಲೆ ಅಂಗೈಯಿಂದ, ಕೊನೆಗೆ ಮುಷ್ಟಿಯಿಂದ. ಬಡಿಯುತ್ತಿದ್ದವನು ಹೊರಗಿರಲಿಲ್ಲ, ಒಳಗಿದ್ದ. ಆ ಒಳಗಿದ್ದವನು ನಾನು.

"ಬಂದೆ ತಾತ, ಬಂದೆ," ಎನ್ನುತ್ತ ಸಿಸ್ಟರ್ ಬಂದಳು. ತಾತ! ನನಗಿನ್ನೂ ಐವತ್ತನಾಲ್ಕು, ಮೀಸೆ ಮಾತ್ರ ನನಗಿಂತ ಮೊದಲೇ ನರೆತು ನಿವೃತ್ತಿಯಾಗಿದೆ.

"ಬಾಗಿಲು ತೆಗೀಮ್ಮ. ನಾನು ಪೇಷೆಂಟ್ ಅಲ್ಲ."

"ಅಲ್ವೇ ಅಲ್ಲ. ಕೂತ್ಕೊಂಡು ಮಾತಾಡೋಣ ಬನ್ನಿ. ನೆಲ ಈಗಷ್ಟೇ ಒರೆಸಿದಾರೆ, ಗೋಡೆ ಕಂಬಿ ಹಿಡ್ಕೊಂಡು ನಡೀರಿ."

ಆದದ್ದಿಷ್ಟು. ನನ್ನ ಅತ್ತೆಗೆ ಮರೆವಿನ ಕಾಯಿಲೆ. ಹೊತ್ತು ಮುಳುಗಿತೆಂದರೆ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾರೆ. ತಡೆದವರಿಗೆ ಅವರು ಕೊಡುವ ಕಾರಣಗಳನ್ನು ಕೇಳಿದರೆ ವಕೀಲನೂ ದಾರಿ ಬಿಡಬೇಕು. ಕಳೆದ ತಿಂಗಳು ಪೊಲೀಸಿನವನೊಬ್ಬ ಆ ಮಾತಿಗೆ ಸೋತು, ಸೆಲ್ಯೂಟ್ ಹೊಡೆದು, ಅವರನ್ನು ರಸ್ತೆ ದಾಟಿಸಿ ಕಳಿಸಿದ್ದ. ಮರುದಿನ ಸಿಕ್ಕಿದ್ದು ರೈಲು ಹಳಿಯ ಪಕ್ಕದಲ್ಲಿ. ಅಂದಿನಿಂದ ನಾನೂ ಹೆಂಡತಿಯೂ ಸರದಿಯ ಮೇಲೆ ಬಾಗಿಲಿಗೆ ಅಡ್ಡಲಾಗಿ ಮಲಗುತ್ತೇವೆ. ನಾನು ಮಲಗುತ್ತೇನೆ, ಅವಳು ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಾಳೆ. ಅತ್ತೆಯನ್ನು ಒಂದು ಒಳ್ಳೆಯ ಆರೈಕೆ ಕೇಂದ್ರಕ್ಕೆ ಸೇರಿಸುವುದೊಂದೇ ದಾರಿಯೆಂದು ತೀರ್ಮಾನವಾಯಿತು. ಒಳ್ಳೆಯದು ಯಾವುದು ಎಂಬಲ್ಲಿಗೆ ಬಂದಾಗ ನಾನು ಮೂಗು ತೂರಿಸಿದೆ.

ಪಂಪು ಕಾರ್ಖಾನೆಯಲ್ಲಿ ನಾನು ಗುಣಮಟ್ಟ ಪರೀಕ್ಷಕ. ಪಂಪಿಗೆ ನೀರು ತುಂಬಿ, ಸೋರುವವರೆಗೂ ಒತ್ತಡ ಏರಿಸುವುದು ನನ್ನ ಕಸುಬು. ಆರೈಕೆ ಕೇಂದ್ರವನ್ನೂ ಹಾಗೆಯೇ ಪರೀಕ್ಷಿಸಬೇಕೆಂದು ಹಟ ಹಿಡಿದೆ. "ಅಮ್ಮನ ಥರ ಮಾತಲ್ಲೇ ಮರುಳು ಮಾಡೋರಿಗೆ ಇವರು ಬಾಗಿಲು ತೆಗೀತಾರಾ ಅಂತ ಒಳಗಿದ್ದೇ ನೋಡ್ಬೇಕು ಕಣೆ. ಎರಡು ಗಂಟೆ ಸಾಕು. ಆಮೇಲೆ ನಿಜ ಹೇಳಿ ಬಂದ್ಬಿಡ್ತೀನಿ, ರಾತ್ರಿ ಕಾವಲು ನಂದೇ."

"ರೀ, ನಿಮ್ಮನ್ನ ನೋಡಿದ್ಮೇಲೂ ಅವರು ಅಮ್ಮನ್ನ ಸೇರಿಸ್ಕೋತಾರಾ ಅನ್ನೋದೇ ನನ್ನ ಚಿಂತೆ," ಎಂದಳು ಹೆಂಡತಿ. ಆದರೂ ಸಂಜೆ ಕೈಹಿಡಿದು ಕರೆತಂದು, "ನಮ್ಮ ಯಜಮಾನ್ರು. ಮರೆವು ಜಾಸ್ತಿ, ಹೊರಗೆ ಓಡ್ತಾರೆ," ಎಂದು ಒಂದು ರಾತ್ರಿಯ ಮಟ್ಟಿಗೆ ಒಪ್ಪಿಸಿದಳು. ಯಾರೂ ಎರಡನೇ ಪ್ರಶ್ನೆ ಕೇಳದೆ ನಂಬಿದ್ದು ನನಗಾದ ಮೊದಲ ಅವಮಾನ.

ಪರೀಕ್ಷೆ ಆರಂಭಿಸಿದೆ. ಸ್ನಾನದ ಮನೆಯ ಹಿಡಿಕಂಬಿಗೆ ಮೈಭಾರವನ್ನೆಲ್ಲ ಬಿಟ್ಟು ಜೋತುಬಿದ್ದೆ. ಕಂಬಿ ಅಲುಗಲಿಲ್ಲ, ಭುಜ ಉಳುಕಿತು. ಕರೆಗಂಟೆ ಒತ್ತಿ ಎಷ್ಟು ಹೊತ್ತಿಗೆ ಬರುತ್ತಾರೋ ನೋಡೋಣವೆಂದು ಗಡಿಯಾರ ಹುಡುಕುವಷ್ಟರಲ್ಲಿ ಸಿಸ್ಟರ್ ಬಂದು ಭುಜಕ್ಕೆ ಮುಲಾಮು ಹಚ್ಚುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ, ಬಾಗಿಲು ತೆಗಿ ಎಂದೆ. ಫೋನ್ ಮಾಡಿ ಆರಿಸಲು ಹೇಳುತ್ತೇನೆ ಎಂದಳು. ಆರೋಗ್ಯ ಇಲಾಖೆಯ ಅಧಿಕಾರಿ ನಾನು ಎಂದು ಗುಡುಗಿದೆ, "ಹಾಗಾದ್ರೆ ಊಟ ಹೇಗಿತ್ತು, ಸಾರ್?" ಎಂದು ವಿನಯದಿಂದ ಕೇಳಿದಳು. ಎಲ್ಲಿಯೂ ಒಂದು ಹನಿ ಸೋರಲಿಲ್ಲ. ನೂರಕ್ಕೆ ನೂರು ಅಂಕ ಕೊಟ್ಟು, ಹಿಗ್ಗಿನಿಂದ ನಿಜ ಹೇಳಿದೆ. ಆ ನಿಜಕ್ಕೂ ಬಾಗಿಲು ತೆರೆಯಲಿಲ್ಲ. ಅದಕ್ಕೇ ಈ ಮುಷ್ಟಿ.

"ಇನ್ನೊಂದ್ಸಲ ಕೇಳಮ್ಮ. ಕಾಯಿಲೆ ಇರೋದು ನಮ್ಮತ್ತೆಗೆ. ನಾನು ಈ ಜಾಗ ಹೇಗಿದೆ ಅಂತ ನೋಡೋಕೆ ಬಂದವನು."

"ಗೊತ್ತು ತಾತ. ಮೂರನೇ ರೂಮಿನೋರು ಈ ಕಟ್ಟಡದ ಮಾಲೀಕರು. ಏಳನೇ ರೂಮಿನೋರು ನನಗೆ ಸಂಬಳ ಕೊಡೋರು. ನೀವು ನೋಡೋಕೆ ಬಂದೋರು."

"ನನ್ನ ಹೆಂಡತಿಗೆ ಫೋನ್ ಮಾಡು! ಅವಳು ಮನೇಲಿ ಒಬ್ಬಳೇ ಒದ್ದಾಡ್ತಿರ್ತಾಳೆ. ನಾನು ಹೋಗ್ಲೇಬೇಕು."

ಸಿಸ್ಟರ್ ಹೋದಳು. ಹಿಂದಿರುಗುವಾಗ ಕೈಯಲ್ಲಿ ಬೀಗದ ಕೈ ಇರಲಿಲ್ಲ, ಬಿಸಿ ಹಾಲಿನ ಲೋಟವಿತ್ತು.

"ನೀವು ಹೇಳಿದ್ದನ್ನೆಲ್ಲ ನಿಮ್ಮನೆಯವರಿಗೆ ಹೇಳ್ದೆ. ಅವ್ರು ಎಷ್ಟು ಚೆನ್ನಾಗಿ ಮಾತಾಡ್ತಾರೆ, ತಾತ! ಕೇಳ್ತಾನೇ ಇರ್ಬೇಕು ಅನ್ಸುತ್ತೆ."

"ಸರಿ, ತೆಗಿ ಮತ್ತೆ."

"ತೆಗೀಲೇಬೇಡಿ ಅಂದ್ರು. 'ಬುದ್ಧಿವಂತರ ಹಾಗೆ ಮಾತಾಡ್ತಾರೆ, ನಂಬ್ಬೇಡಿ. ಪಾಪ, ರಾತ್ರಿ ಆದ್ರೆ ಹಾಸಿಗೆ ಬಿಟ್ಟು ಬಾಗಿಲಿಗೆ ಅಡ್ಡ ಮಲಗ್ತಾರೆ. ಮನೇಲಿದ್ದಾಗೆಲ್ಲ ಚಿಲಕ ಎಳೆದೆಳೆದು ನೋಡ್ತಾರೆ. ನಾವು ಅನುಭವಿಸಿದ್ದು ಸಾಕಾಗಿದೆ' ಅಂತ."

ನನ್ನ ರಕ್ತ ಕುದಿಯಿತು. ಒಂದು ರಾತ್ರಿಯ ನೆಮ್ಮದಿಗೋಸ್ಕರ ಕಟ್ಟಿಕೊಂಡ ಗಂಡನನ್ನೇ ಹುಚ್ಚನೆಂದು ಸಾರಿದಳೇ? ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲವೆಂಬುದು ಉರಿಗೆ ತುಪ್ಪ ಸುರಿಯಿತು.

"ಆ ಫೋನ್ ಇಲ್ಲಿ ಕೊಡು. ಅವಳನ್ನ ನಾಲ್ಕು ಮಾತು ಕೇಳ್ತೀನಿ."

"ಮತ್ತೆ ಮಾಡ್ಬೇಡಿ ಅಂದಿದಾರೆ," ಎನ್ನುತ್ತ ಸಿಸ್ಟರ್ ನನ್ನ ಹೆಗಲಿಗೆ ಹೊದಿಕೆ ಹೊದಿಸಿದಳು. "'ಮಗಳು ಎಷ್ಟೋ ದಿನಕ್ಕೆ ಕಣ್ಣು ಮುಚ್ಚಿದಾಳೆ, ಎಚ್ಚರ ಆಗೋದು ಬೇಡ. ಇವತ್ತು ಬಾಗಿಲು ನಾನು ನೋಡ್ಕೋತೀನಿ' ಅಂದ್ರು."

ನಮಗೆ ಮಕ್ಕಳಿಲ್ಲ. ಫೋನ್ ಎತ್ತಿದ್ದು ಅತ್ತೆ.