ಅರ್ಥ ಹೇಳುವವರು

ಯುದ್ಧ ಬೇಡವೆಂದು ಮೆರವಣಿಗೆಯಲ್ಲಿ ಕೂಗಿದವರ ದನಿಯನ್ನೇ ಸರ್ಕಾರ ಜಪ್ತಿ ಮಾಡುತ್ತಿದ್ದ ಕಾಲ. ಧಾರವಾಡದ ಕಾಲೇಜು ಹುಡುಗಿ ವೃಂದಾಳ ದನಿಯೂ ಹೋದ ವಾರ ಹೋಯಿತು. ಕಾವ್ಯವಾಚನದಲ್ಲಿ ಪಳಗಿದ ಆ ದನಿಯನ್ನು ಸೇನಾ ಭರ್ತಿಯ ವ್ಯಾನಿಗೆ ಹಾಕಿದರು.

ಇವತ್ತು ವ್ಯಾನು ಸಂತೆಗೇ ಬಂದು ನಿಂತು ಹಾಡಿತು: “ಬನ್ನಿರೈ ವೀರರೇ, ರಣಭೂಮಿ ಕರೆಯುತಿದೆ!” ತರಕಾರಿ ಆರಿಸುತ್ತಿದ್ದ ತಾಯಿ ಇಂದಿರಾಬಾಯಿಯ ಮೈ ಉರಿಯಿತು. ಪಕ್ಕದಲ್ಲಿ ಮೂಕಳಾಗಿ ನಿಂತಿದ್ದ ವೃಂದಾ ಕಿವಿ ಮುಚ್ಚಿಕೊಂಡಳು.

ಒಂದು ಸಾಲು ಮುಗಿಸಿ ದನಿ ನಿಂತುಬಿಟ್ಟಿತು. ತಾನು ಓದಿದ್ದಕ್ಕೆ ತಾಯಿ ಅರ್ಥ ಹೇಳುವತನಕ ಕಾಯುವುದು ಅದಕ್ಕೆ ಬಾಲ್ಯದ ರೂಢಿ.

“ಈ ದನೀದು ಇದೇ ರಗಳಿ, ಸಾಹೇಬ್ರ. ನಡುನಡುವ ನಿಂತಬಿಡತೈತಿ,” ಎಂದು ಡ್ರೈವರ್ ಪಕ್ಕದಲ್ಲಿ ಕೂತಿದ್ದ ಭರ್ತಿ ಅಧಿಕಾರಿಗೆ ಗೊಣಗಿದ.

ಇಂದಿರಾಬಾಯಿ ಚೀಲ ಕೆಳಗಿಟ್ಟು, ಮಗಳ ವಾಚನಕ್ಕೆ ಅರ್ಥ ಹೇಳಲು ಸಭೆಯಲ್ಲಿ ಕುಳಿತಾಗಿನಂತೆ ಸೆರಗು ಸರಿಮಾಡಿಕೊಂಡಳು. “ಕೇಳ್ರಿ, ಅರ್ಥ ಹೇಳ್ತೀನಿ. ರಣಭೂಮಿ ಯಾರನ್ನೂ ಕರಿಯೂದಿಲ್ಲ, ಕರಿಯೋರು ಮಂತ್ರಿಗಳು. ನಮ್ಮ ಮಕ್ಕಳು ಮನ್ಯಾಗ ಉಪ್ಪಿಟ್ಟು ತಿನ್ಲಿ, ನಿಮ್ಮ ಮಕ್ಕಳು ಹೋಗಿ ಸಾಯ್ಲಿ ಅಂತ ಇದರ ತಾತ್ಪರ್ಯ!”

ಜನ ನಕ್ಕರು.

ಅಧಿಕಾರಿ ವ್ಯಾನಿನಿಂದ ಧುಮುಕಿದ. “ಬಾಯಾರ, ಸುಮ್ಮನಿರ್ರಿ. ನಿಮ್ಮ ದನೀನೂ ಹೋಗ್ತದ.”

“ಒಯ್ರಿ! ಮಗಳ ದನಿ ಕಸಗೊಂಡು ಸುಳ್ಳು ಓದಸ್ತೀರಿ, ನಾಚಿಕಿ ಇಲ್ಲೇನು ನಿಮಗ?”

ಅವನು ದನಿ ಹಿಡಿದಿಡುವ ಜಪ್ತಿಯ ಡಬ್ಬಿಯನ್ನು ಅವಳ ಗಂಟಲಿಗೆ ಒತ್ತಿದ. ಇಂದಿರಾಬಾಯಿಯ ಬಾಯಿ ಆಡುತ್ತಲೇ ಇತ್ತು, ಮಾತು ಬರಲಿಲ್ಲ.

ವ್ಯಾನು ಎರಡನೆಯ ಸಾಲು ಹಾಡಿ, ಮತ್ತೆ ನಿಂತು ಕಾಯಿತು.

ಬದನೆಕಾಯಿ ರಾಶಿಯ ಹಿಂದಿನಿಂದ ತರಕಾರಿಯ ಹುಸೇನಬಿ ಎದ್ದು ನಿಂತಳು.

“ಇದರ ಅರ್ಥ ನಾ ಹೇಳತೇನಿ, ಕೇಳ್ರಿ.”