ಬ್ರೆಡ್ಡು, ಅಣಬೆ, ಕರಡಿಗೆ

ಕಾವಲಿಯ ಮೇಲೆ ಬೆಣ್ಣೆಯಲ್ಲಿ ಹೊರಳುತ್ತಿದ್ದ ಅಣಬೆಯ ಘಮ ಹಜಾರಕ್ಕೆ ಬಂದಾಗ ಸಿದ್ದಮಲ್ಲಪ್ಪನವರು ತಮ್ಮ ಕೊರಳಿಗೆ ಕೈಹಾಕಿದರು. ಸ್ನಾನಕ್ಕೂ ಕಳಚದ ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಹೆಂಡತಿಯ ಮುಂದೆ ಹಿಡಿದರು. ಆ ಮನೆಯಲ್ಲಿ ಅಣಬೆ ಮಾಂಸಕ್ಕೆ ಸಮ. ಲಿಂಗ ಧರಿಸಿ ತಿನ್ನುವಂತಿಲ್ಲ. ಇಷ್ಟು ವರ್ಷ ಅಣಬೆಯನ್ನು ಹೊಸ್ತಿಲು ದಾಟಿಸದ ರುದ್ರಾಣಮ್ಮ ಸೆರಗು ಒಡ್ಡಿದರು.

ಗಂಟಲಿನ ಕ್ಯಾನ್ಸರಿಗೆ ಆಸ್ಪತ್ರೆಯಲ್ಲಿ ಕರೆಂಟು ಕೊಡಿಸಿಕೊಂಡು ಬಂದಾಗಿನಿಂದ ಸಿದ್ದಮಲ್ಲಪ್ಪನವರಿಗೆ ಅನ್ನ, ಸಾರು ಯಾವುದರ ರುಚಿಯೂ ತಿಳಿಯುತ್ತಿರಲಿಲ್ಲ. "ಇದೊಂದ್ ನೋಡಿ ಮಾವ" ಎಂದು ಸೊಸೆ ಗಾನವಿಯೇ ನಂಜನಗೂಡಿನಿಂದ ಅಣಬೆ ತಂದಿದ್ದಳು. ಈರುಳ್ಳಿ, ಕಾಳುಮೆಣಸು ಸೇರಿಸಿ, ಎರಡು ಬ್ರೆಡ್ಡಿನ ನಡುವೆ ದಪ್ಪಗೆ ತುಂಬಿ, ಮೇಲೆ ಗುಂಡುಕಲ್ಲು ಹೇರಿ ಕೆಂಪಗೆ ಕಾಯಿಸಿದ್ದಳು.

ಸಿದ್ದಮಲ್ಲಪ್ಪನವರು ಕಚ್ಚಿದರು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು. ಅತ್ತೆ ಸೊಸೆ ಇಬ್ಬರೂ ಆ ದವಡೆಯನ್ನೇ ನೋಡುತ್ತಾ ನಿಂತರು.

"ಎಂಗದ?" ರುದ್ರಾಣಮ್ಮ ಕೇಳಿದರು.

ಕಷ್ಟಪಟ್ಟು ನುಂಗಿ, ಉಳಿದದ್ದನ್ನು ತಟ್ಟೆಗಿಟ್ಟು, ಅವರು ಸೊಸೆಯ ಕಡೆ ತಿರುಗಿದರು. "ಮೆತ್ತಗದ ಕನವ್ವ. ಅಷ್ಟೇ ಗೊತ್ತಾಗೋದು."

ಗಾನವಿ ತಟ್ಟೆ ತೆಗೆದುಕೊಂಡಳು. ರುದ್ರಾಣಮ್ಮ ಬಾಯಿ ಮುಕ್ಕಳಿಸಲು ನೀರು ಕೊಟ್ಟರು, ಹಣೆಗೆ ವಿಭೂತಿ ಇಟ್ಟರು, ಶಿವದಾರದ ಸಿಕ್ಕು ಬಿಡಿಸಿ ಗಂಡನ ಕೊರಳಿಗೆ ಹಾಕಲು ಬಗ್ಗಿದರು. ಸಿದ್ದಮಲ್ಲಪ್ಪನವರು ತಲೆ ಬಾಗಿಸಲಿಲ್ಲ.

"ನಿನ್ ತಾವೇ ಇರ್ಲಿ ಬುಡು" ಎಂದರು. "ಸತ್ಮೇಲೆ ನನ್ನ ಗುಂಡಿಲಿ ಕೂರಿಸ್ತಾರಲ್ಲ, ಆವಾಗ ಅಂಗೈಗಿಡ್ಸು."